ಅಮಾವಾಸ್ಯೆಯ ಕಡಲು

ಮೂರು ವರ್ಷದ ಹಿಂದಿನ ಚಳಿಗಾಲ. ನಮ್ಮ ಮನೆಯವರಿಗೆ ಬೆನ್ನಿನ ಆಪರೇಷನ್ ಆಗಿ ಆರು ತಿಂಗಳಾಗಿತ್ತು. ನಾವು ಮೊಳಕಾಲ್ಮೂರಿನ ನೇಕಾರರು. ಮನೆಯಲ್ಲಿ ಎದುರುಬದುರಾಗಿ ಎರಡು ಗುಂಡಿಮಗ್ಗ, ಒಂದು ಅವರದು, ಒಂದು ನನ್ನದು. ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತಾ ಮೂವತ್ತು ವರ್ಷ ರೇಷ್ಮೆ ಸೀರೆ ನೇಯ್ದ ಮನುಷ್ಯ ಈಗ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಬಚ್ಚಲಿಗೆ ಹೋಗಬೇಕೆಂದರೂ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಹೆಗಲ ಮೇಲೆ.

ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದ್ದರು. ಗಾಯ ಮಾಗಿದೆ, ಕಾಲಿಗೆ ಏನೂ ಆಗಿಲ್ಲ, ಬೀಳುತ್ತೇನೆಂಬ ಹೆದರಿಕೆ ಮಾತ್ರ ಹೋಗಿಲ್ಲ. ಹೀಗೇ ಕೂತಿದ್ದರೆ ಕಾಲಿನ ಶಕ್ತಿ ನಿಜವಾಗಿಯೂ ಹೋಗಿಬಿಡುತ್ತದೆ, ಸ್ವಲ್ಪ ದಿನ ಜಾಗ ಬದಲಾಯಿಸಿ ನೋಡಿ ಅಂದರು. ಅವತ್ತೇ ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಇವರನ್ನು ನಡೆಸಿಯೇ ತೀರಬೇಕು.

ಎಲ್ಲಿಗೆ ಹೋಗುವುದು ಎಂದು ಬೀದಿಯಲ್ಲಿ ಕೇಳಿದರೆ ಬಾಯಿಗೊಂದು ಊರು. ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತುಕೋ ಅಂದರು, ಹೊತ್ತಿದ್ದೂ ಆಗಿತ್ತು. ಆಗ ನೆನಪಾದದ್ದು ನಮ್ಮಲ್ಲಿ ಸೀರೆ ಕೊಳ್ಳಲು ಬರುತ್ತಿದ್ದ ಕುಮಟಾ ಕಡೆಯ ಟೀಚರಮ್ಮ. ತಮ್ಮ ಮನೆಯ ಹಿಂದೆ ಕಾಡು, ಮುಂದೆ ಸಮುದ್ರ, ನಾಲ್ಕು ದಿನ ಬಂದಿದ್ದು ಹೋಗಿ, ಬೆಳಿಗ್ಗೆ ಕಾಡಿನ ದಾರಿ, ಆಮೇಲೆ ಮರಳು, ಬೇರೆ ಔಷಧಿ ಬೇಡ ಎಂದು ಅವರು ಬಂದಾಗಲೆಲ್ಲ ಹೇಳುತ್ತಿದ್ದರು. ಫೋನ್ ಮಾಡಿದೆ. ಈ ವಯಸ್ಸಿನಲ್ಲಿ ಹನಿಮೂನ್ ಹೊರಟಿದ್ದಾರೆ ಎಂದು ನನ್ನ ನಾದಿನಿ ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು. ನಗಲಿ ಬಿಡು ಅಂದುಕೊಂಡೆ.

ನಮ್ಮಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ನೇಕಾರರಿಗೆ ಅದೇ ಭಾನುವಾರ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಬಿಟ್ಟು ಹೋಗಲು ಮನಸ್ಸು ಬಾರದೆ, ಅಮಾವಾಸ್ಯೆಗೆ ಸರಿಯಾಗಿ ಅದನ್ನು ಮುಗಿಸುವಂತೆ ಮೈಮುರಿದು ನೇಯ್ದೆ. ಎರಡು ದಿನ ಮೊದಲೇ ಮುಗಿಯಿತು. ಅಂದು ರಾತ್ರಿಯ ಬಸ್ಸಿಗೇ ಹೊರಟೆವು.

ಮೊದಲ ದಿನ ಕಾಡು. ಬಿಸಿಲು ನೆಲಕ್ಕೆ ಬೀಳದಂಥ ಕಾಡನ್ನು ನಾನು ಅದೇ ಮೊದಲು ಕಂಡದ್ದು. ನಮ್ಮ ಕಡೆ ಜಾಲಿಗಿಡದ ನೆರಳಿಗೂ ಜಗಳವಾಡಬೇಕು. ಕಲ್ಲು ಮುಟ್ಟಿದರೆ ಒದ್ದೆ, ತೊಗಟೆ ಮುಟ್ಟಿದರೆ ಒದ್ದೆ. ಇವರು ಟೀಚರಮ್ಮನ ಜಗುಲಿಯಿಂದ ಇಳಿಯಲಿಲ್ಲ. “ಈ ಹವಾಕ್ಕೆ ಮಗ್ಗದ ಎಳೆ ಎಲ್ಲಾ ಸಂಜಿಗೇ ಜೋತು ಬೀಳ್ತೈತೆ ನೋಡು,” ಅಂದರು. ಮಗ್ಗದ ಸುದ್ದಿ ಅವರ ಬಾಯಲ್ಲಿ ಬಂದು ತಿಂಗಳುಗಳೇ ಆಗಿದ್ದವು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಾಳೆ ನೋಡೋಣ ಎಂದು ನಾನೂ ಒತ್ತಾಯ ಮಾಡಲಿಲ್ಲ.

ಮರುದಿನ ಅಮಾವಾಸ್ಯೆ. ಟೀಚರಮ್ಮ ಶಾಲೆಗೆ ಹೊರಟವರು ನಮ್ಮನ್ನು ಆಟೋದಲ್ಲಿ ಕಡಲತೀರಕ್ಕೆ ಬಿಟ್ಟರು. ಆಟೋ ಮರಳಿನ ಮೇಲೇ ಬಹಳ ದೂರ ಬಂತು. ನೀರು ಎಲ್ಲೋ ದೂರದಲ್ಲಿತ್ತು. ಆಪರೇಷನ್ ಆದಮೇಲೆ ಇವರಿಗೆ ನೆಲಕ್ಕೆ ಕೂತರೆ ಏಳಲು ಆಗುತ್ತಿರಲಿಲ್ಲ. ಕುರ್ಚಿಯಷ್ಟು ಎತ್ತರದ ಚಪ್ಪಟೆ ಬಂಡೆಯೊಂದು ಕಂಡಿತು. ದೇವರೇ ಇಟ್ಟ ಹಾಗಿದೆ ಎಂದು ಅಲ್ಲಿ ಕೂರಿಸಿ, ಪಕ್ಕದಲ್ಲಿ ಕೋಲು ಇಟ್ಟು, ರಸ್ತೆಯ ಹತ್ತಿರದ ಅಂಗಡಿಗೆ ಟೀ, ಇಡ್ಲಿ ತರಲು ಹೋದೆ. ಇಡ್ಲಿ ಇನ್ನೂ ಬೇಯುತ್ತಿತ್ತು, ಕಾದು ಕೂತೆ.

ತಿರುಗಿ ಬಂದಾಗ ಬಂಡೆಯ ಸುತ್ತಲೂ ನೀರು. ನಾನು ನಡೆದು ಬಂದಿದ್ದ ಮರಳೇ ಇಲ್ಲ. ಇವರು ಬಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ದಡದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸನ್ನು ಯಾರಾದರೂ ಗಂಡಸರಿದ್ದರೆ ಕರೆಯಿರಿ ಎಂದು ಕೇಳಿಕೊಂಡೆ. ಎಲ್ಲರೂ ದೋಣಿಯಲ್ಲಿ ಹೋಗಿದ್ದಾರೆ ಅಂದಳು.

“ಇಂದು ಅಮಾಸೆ ಅಲ್ವಾ, ನೀರು ಹೆಚ್ಚು ಬರ್ತದೆ. ಈಗ ಮೊಣಕಾಲಿಗೆ ಅದೆ, ಆಮೇಲೆ ಸೊಂಟ ಮುಳುಗ್ತದೆ. ಈಗ್ಲೇ ಇಳ್ಸಿ ಕರ್ಕಂಬಾ ಮಾರಾಯ್ತಿ.”

ಹುಣ್ಣಿಮೆ ಅಮಾವಾಸ್ಯೆಗೆ ಸಮುದ್ರ ಉಕ್ಕುತ್ತದೆ ಎಂದು ಬಾವಿ ಬತ್ತುವ ಊರಿನವಳಿಗೆ ಹೇಗೆ ಗೊತ್ತಾಗಬೇಕು? ನಮಗೆ ಅಮಾವಾಸ್ಯೆ ಎಂದರೆ ರಜೆ, ಅಷ್ಟೇ. ಸೀರೆ ಎತ್ತಿ ಕಟ್ಟಿ ಇಳಿದೆ. ಈಜು ಬಾರದು. ಅಲೆ ಬಂದು ಹೋದಾಗೆಲ್ಲ ಕಾಲಡಿಯ ಮರಳು ಜಾರುತ್ತಿತ್ತು. ಹತ್ತಿರ ಹೋಗಿ ನಿಂತರೂ ಅವರು ಬಂಡೆಯಿಂದ ಕೈ ತೆಗೆಯಲಿಲ್ಲ.

“ನೀನು ಹೋಗು ಸುಜಾತ. ಯಾರನ್ನಾನ ಕರ್ಕೊಂಡು ಬಾ, ಹೊತ್ಕೊಂಡು ಹೋಗ್ಲಿ.”

ಸಿಟ್ಟು ಎಲ್ಲಿತ್ತೋ, ನೆತ್ತಿಗೇರಿತು. “ಹೊರೋರು ಯಾರೂ ಇಲ್ರಿ. ಇದ್ರೂ ನಾ ಕರೆಯಲ್ಲ. ಇಳೀರಿ. ನಡೆಯೋಕೆ ಬರ್ದಿದ್ರೆ ಬ್ಯಾಡ, ಮಗ್ಗ ತುಳಿದಂಗೆ ತುಳೀರಿ.”

ಅವರ ಎರಡೂ ಕೈ ಹಿಡಿದು ನಾನು ಹಿಮ್ಮುಖವಾಗಿ ನಡೆದೆ. ಕಾಲು ನೀರಿಗಿಟ್ಟವರೇ ಕಣ್ಣು ಮುಚ್ಚಿದರು. ಎಡ, ಬಲ ಎಂದು ನಾನು ಹೇಳುತ್ತಾ ಹೋದೆ. ನಮ್ಮ ಮನೆ ಮಾತು ಕನ್ನಡ ತೆಲುಗು ಕಲಸಿದ್ದು. ಹೆದರಿಕೆಯಲ್ಲಿ ಕನ್ನಡ ಮರೆತು, “ಇಂಕೋಟಿ, ಇಂಕೋಟಿ,” ಇನ್ನೊಂದು ಹೆಜ್ಜೆ, ಇನ್ನೊಂದು ಹೆಜ್ಜೆ ಎಂದು ಎಳೆಮಗುವಿಗೆ ಹೇಳುವ ಹಾಗೆ ಹೇಳಿದೆ. ನಡುವೆ ದೊಡ್ಡ ಅಲೆಯೊಂದು ಬಂದು ನನ್ನ ಕಾಲು ತಪ್ಪಿತು. ಬೀಳಬೇಕಿದ್ದವಳನ್ನು ರಟ್ಟೆ ಹಿಡಿದು ನಿಲ್ಲಿಸಿದವರು ಅವರು. ಆಮೇಲೆ ಯಾರು ಯಾರನ್ನು ನಡೆಸಿದರೋ ಹೇಳಲಾರೆ.

ದಡಕ್ಕೆ ಬಂದು ಇಬ್ಬರೂ ತಿರುಗಿ ನೋಡಿದೆವು. ಅವರ ಕೋಲು ನೀರಿನ ಮೇಲೆ ತೇಲುತ್ತಾ ಹೋಗುತ್ತಿತ್ತು. ಇವರು ಅದನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು. ನಾನು ಮರಳಿನ ಮೇಲೆ ಕೂತು ಗೊಳೋ ಎಂದು ಅತ್ತೆ. ಮೀನಿನ ಹೆಂಗಸು ಬೈಯುತ್ತಲೇ ಒಣ ಟವೆಲ್ ತಂದು ಕೊಟ್ಟಳು.

ಉಳಿದ ದಿನಗಳಲ್ಲಿ ಆ ಕಾಡಿನ ದಾರಿಯಲ್ಲಿ ನನ್ನ ಹೆಗಲು ಹಿಡಿಯದೆ ನಿಧಾನವಾಗಿ ನಡೆದರು. ಈಗ ಅವರು ಗುಂಡಿಮಗ್ಗಕ್ಕೆ ಇಳಿಯುವುದಿಲ್ಲ, ಡಾಕ್ಟರು ಬೇಡ ಅಂದಿದ್ದಾರೆ. ನೂಲು ಸುತ್ತಿಕೊಡುತ್ತಾರೆ, ನೇಯ್ದ ಸೀರೆಯನ್ನು ತಾವೇ ಹೆಗಲಿಗೆ ಹಾಕಿಕೊಂಡು ಪೇಟೆಗೆ ನಡೆದು ಹೋಗುತ್ತಾರೆ.

ನಮ್ಮ ಬೀದಿಯವರು ಈಗ ಪ್ರವಾಸಕ್ಕೆ ಹೊರಟರೆ ನನ್ನನ್ನೇ ಕೇಳುತ್ತಾರೆ. ಕಾಡು ನೋಡಿ, ಕಡಲು ನೋಡಿ, ಆದರೆ ಅಮಾವಾಸ್ಯೆಗೆ ಮಾತ್ರ ಹೋಗಬೇಡಿ ಎಂದು ನಾನು ಬಾಯಿ ನೋಯುವಷ್ಟು ಹೇಳುತ್ತೇನೆ. ಕಳೆದ ವಾರವೂ ನಾದಿನಿಗೆ ಅದನ್ನೇ ಹೇಳುತ್ತಿದ್ದೆ. ಒಳಗೆ ನೂಲು ಸುತ್ತುತ್ತಿದ್ದ ಇವರು ಅಲ್ಲಿಂದಲೇ ಅಂದರು:

“ಇವಳ ಮಾತು ಕೇಳಬ್ಯಾಡಮ್ಮ. ನಾನು ನಡೆದಿದ್ದು ಅಮಾಸೆಗೇ.”