ಬಿರುಗಾಳಿಗೆ ಮುಂಚಿನ ಸರದಿ

ಇಸ್ತ್ರಿ ಅಕ್ಕನಿಗೆ ಕಡಲಂಚಿನ ಆ ಬೀದಿಯವರು ಇನ್ನೂ ಕೂಲಿ ಕೊಡಬೇಕು. ಹಿಂದಿನ ಬಿರುಗಾಳಿಯಲ್ಲಿ ವಾರವಿಡೀ ಕರೆಂಟಿಲ್ಲದಾಗ ಅಟ್ಟದ ಮೇಲಿದ್ದ ಹಳೇ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಳಿಸಿ, ಎಲ್ಲರ ಬಟ್ಟೆ ಗರಿಗರಿ ಮಾಡಿಕೊಟ್ಟ ಕೂಲಿ ಅದು. ಕರೆಂಟು ಬರಲಿ, ಕೊಡೋಣ ಎಂದರು. ಕರೆಂಟು ಬಂತು.

ಅದೇ ವಾರ ಅವಳ ಗಂಡ ಆಸ್ಪತ್ರೆಯಲ್ಲಿ ಸತ್ತು ಬದುಕಿದ್ದ. ಹಡಗುಗಳಿಗೆ ಬಣ್ಣ ಬಳಿದೂ ಬಳಿದೂ ಶ್ವಾಸಕೋಶ ಕೆಡಿಸಿಕೊಂಡವನು. ಮಂಚದ ಪಕ್ಕ ಗುರುಗುಟ್ಟುವ ಆಕ್ಸಿಜನ್ ಮಷೀನೇ ಅವನ ಉಸಿರು. ಕರೆಂಟು ಹೋದರೆ ಸಿಲಿಂಡರ್ ಇದೆ, ಒಂದು ದಿನಕ್ಕೆ ಸಾಕು, ಅಷ್ಟೇ.

ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸಲು ಬಂದ ಲೈನ್‌ಮನ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ: "ಗಾಳಿ ಇದನ್ನ ಮುಟ್ಟೇ ಇಲ್ಲ ಅಕ್ಕ. ಗಾಳಿ ಬರೋಕೆ ಮುಂಚೆ ನೀವೇ ಸುಟ್ಟಿದ್ದು."

ನಿಜ. ಎಚ್ಚರಿಕೆ ಕೇಳಿದ್ದೇ ತಡ, ಬೀದಿಗೆ ಬೀದಿಯೇ ಒಟ್ಟಿಗೆ ನೀರಿನ ಮೋಟರ್ ಹಾಕಿತ್ತು, ವಾಷಿಂಗ್ ಮಷೀನ್ ಓಡಿಸಿತ್ತು. ಇದ್ದ ಬಟ್ಟೆಗಂಟೆಲ್ಲ ಮುಗಿಸಿಬಿಡೋಣವೆಂದು ಅಕ್ಕನೂ ಎರಡೆರಡು ಕರೆಂಟು ಪೆಟ್ಟಿಗೆ ಕಾಯಿಸಿದ್ದಳು.

ಸಮುದ್ರ ಕಾದು ಬಿಸಿಯಾಗಿದೆ. ಕಾಯಿಸಿದವರು ಆ ಬೀದಿಯಲ್ಲಿಲ್ಲ. ಆದರೆ ಅಜ್ಜಿಯರು ಕಥೆ ಮಾಡಿ ಹೇಳುತ್ತಿದ್ದಂಥ ಬಿರುಗಾಳಿ ಈಗ ಕರೆಯದ ನೆಂಟನ ಹಾಗೆ ವರ್ಷವರ್ಷ ಅಲ್ಲಿಗೇ ಬರುತ್ತದೆ.

ಈ ಸಲ ಎಚ್ಚರಿಕೆ ಬಂದಾಗ ಅಕ್ಕ ಮೊದಲು ತನ್ನ ಪೆಟ್ಟಿಗೆಯ ವೈರು ಕಿತ್ತಳು. ಆಮೇಲೆ ಮನೆಮನೆಗೆ ಹೋದಳು. ಎಡಸಾಲಿನವರು ನೀರು ತುಂಬಿಕೊಂಡ ಮೇಲೆ ಬಲಸಾಲಿನವರು ಮೋಟರ್ ಹಾಕಲಿ ಎಂದಳು. ಕೆಲವರು ಗೊಣಗಿದರು. ಬಲಸಾಲಿನ ರಿಟೈರ್ಡ್ ಹೆಡ್ ಕ್ಲರ್ಕ್ ಬಾಗಿಲಿಗೆ ಅಡ್ಡ ನಿಂತರು. ಅವರ ಮೋಟರ್ ಆಗಲೇ ಓಡುತ್ತಿತ್ತು.

"ನನ್ನ ಮೋಟರು, ನನ್ನ ಬಿಲ್ಲು. ನಿನಗೇನಮ್ಮ ಕಷ್ಟ?"

"ನನ್ನ ಕೂಲಿ ನಿಮ್ಮ ಹತ್ರ ಇದೆ ಸಾರ್, ನೀವು ಹಾಕ್ಕೊಂಡಿರೋ ಶರ್ಟಿಂದೂ ಸೇರಿ. ಅದನ್ನ ಇವತ್ತು ಕೇಳಲ್ಲ. ಸ್ವಿಚ್ ಆರ್ಸಿ. ನಮ್ಮನೆಯವರಿಗೆ ಉಸಿರು ಬೇಕು."

ಒಳಗಿಂದ ಅವರ ಹೆಂಡತಿ ಬಂದು ಸ್ವಿಚ್ ಆರಿಸಿದರು. "ಟ್ಯಾಂಕು ತುಂಬಿ ಚರಂಡಿಗೆ ಹರೀತಿದೆ ರೀ. ಸಮುದ್ರಕ್ಕೆ ನೀರು ಕಮ್ಮಿ ಬಿದ್ದಿದೆಯಾ?"

ಆ ಮಾತು ಬೀದಿ ತುಂಬ ಓಡಿತು. ಅಲ್ಲಿಂದಾಚೆ ಸರದಿ ತಪ್ಪಿಸಿದವರನ್ನು ಎದುರು ಮನೆಯವರೇ ಕೂಗಿ ಎಚ್ಚರಿಸಿದರು.

ಗಾಳಿ ಬಂತು, ಮೂಲೆಯ ಕಂಬದ ತಂತಿ ಹರಿಯಿತು, ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ಮಾತ್ರ ಕಲ್ಲಿನಂತೆ ಕೂತಿತ್ತು. ತಂತಿ ಬೆಸೆಯುವುದು ಲೈನ್‌ಮನ್‌ಗೆ ಎಷ್ಟು ಹೊತ್ತಿನ ಕೆಲಸ? ಮಾರನೆಯ ದಿನ, ಸಿಲಿಂಡರ್ ಖಾಲಿಯಾಗುವ ಮುಂಚೆಯೇ, ಮಷೀನು ಗುರುಗುಟ್ಟಿತು.

"ಇದರ ಗೊರಕೆ ಇಲ್ದೆ ನಿದ್ದೆನೇ ಹತ್ಲಿಲ್ಲ ಕಣೇ," ಎಂದ ಗಂಡ.

"ನನಗೆ ಇಬ್ಬರ ಗೊರಕೆ," ಎಂದು ಅಕ್ಕ ಬಟ್ಟೆಗಂಟು ಬಿಚ್ಚಿದಳು.

ಕೂಲಿ ಮಾತ್ರ ಇನ್ನೂ ಬಂದಿಲ್ಲ. ನೀವೂ ಯಾರಿಗಾದರೂ ಹೀಗೆ ಬಾಕಿ ಇಟ್ಟಿದ್ದರೆ ಕೊಟ್ಟುಬಿಡಿ. ಮುಂದಿನ ಎಚ್ಚರಿಕೆ ಬಂದಾಗ ಮೋಟರಿನ ಸ್ವಿಚ್ಚಿಗೆ ಕೈ ಹಾಕುವ ಮುಂಚೆ, ನಿಮ್ಮ ಬೀದಿಯಲ್ಲಿ ಯಾರ ಮಂಚದ ಪಕ್ಕ ಇಂಥ ಮಷೀನಿದೆ ಎಂದು ಹೋಗಿ ಕೇಳಿಕೊಂಡು ಬನ್ನಿ.