ಕಾಲು ಇಳಿಸಲು ದಾರಿ

ಆ ತಿರುವಿನಲ್ಲಿ ಬಸ್ಸು ಎದುರಾದರೆ?

ಹಾಲು ಕಾಯಿಸುವಾಗ, ಮಗಳಿಗೆ ಉಣ್ಣೆ ಟೋಪಿ ಹಾಕುವಾಗ, ಬಟ್ಟೆ ಹಿಂಡುವಾಗ ಸುಗನ್ಯಾಳ ತಲೆಯಲ್ಲಿ ಇದೊಂದೇ ಓಡುತ್ತಿತ್ತು. ಮಂಜೂರಿಗೆ ಇಳಿಯುವ ದಾರಿಯಲ್ಲಿ, ಸಿಲ್ವರ್ ಮರಗಳ ಸಾಲು ಮುಗಿದ ಕೂಡಲೇ, ರಸ್ತೆ ಮಡಚಿದಂತೆ ತಿರುಗುತ್ತದೆ. ಹತ್ತುವ ಗಾಡಿಗೆ ಇಳಿಯುವ ಗಾಡಿ ನಿಂತು ದಾರಿ ಬಿಡಬೇಕು, ಅದು ಬೆಟ್ಟದ ಕಟ್ಟಳೆ. ಬೈಕು ನಿಲ್ಲಬೇಕೆಂದರೆ ಕಾಲೂರಬೇಕು. ಬಲಗಾಲು ಬ್ರೇಕಿನ ಮೇಲಿರುವುದರಿಂದ ಊರಬೇಕಾದದ್ದು ಎಡಗಾಲು. ಅಲ್ಲಿ ಎಡಕ್ಕೇ ರಸ್ತೆ ಚರಂಡಿಯತ್ತ ವಾಲಿಕೊಂಡಿದೆ. ಗಂಡನ ಬೈಕಿನ ಮೇಲೆ ಕೂತರೆ ಸುಗನ್ಯಾಳ ಎಡಗಾಲು ಆ ನೆಲ ಮುಟ್ಟುತ್ತಿರಲಿಲ್ಲ.

ಗಿಡ್ಡವರಿಂದ ಶುರುವಾಗುವ ಸ್ಕೂಲಿನ ಪ್ರಾರ್ಥನೆಯ ಸಾಲಿನಲ್ಲಿ ಕೊನೆಯ ವರ್ಷದವರೆಗೂ ಮೊದಲ ಜಾಗ ಅವಳದೇ ಆಗಿತ್ತು. ಕಾಲೇಜಿನಲ್ಲಿದ್ದಾಗ ಅಣ್ಣನ ಬೈಕು ಓಡಿಸಿ ಲೈಸೆನ್ಸ್ ತೆಗೆದುಕೊಂಡಿದ್ದಳು. ಮೈಸೂರಿನ ಸಮತಟ್ಟು ರಸ್ತೆಗೆ ಬೆರಳ ತುದಿ ಸಾಕಾಗಿತ್ತು. ಮದುವೆಯಾಗಿ ಬಂದದ್ದು ಈ ಬೆಟ್ಟಕ್ಕೆ. ಗಂಡ ನಂಜುಂಡೇಶನಿಗೆ ಅವಲಾಂಚ್ ಅಣೆಕಟ್ಟಿನ ಕ್ಯಾಂಪಿನಲ್ಲಿ ಕರೆಂಟು ಕೆಲಸ. ವಾರಕ್ಕೊಮ್ಮೆ ಇಲಾಖೆಯ ಜೀಪಿನಲ್ಲಿ ಬಂದು ಹೋಗುತ್ತಿದ್ದ, ಅವನ ಬೈಕು ಮನೆಯ ಮುಂದೆಯೇ ನಿಂತಿರುತ್ತಿತ್ತು. ಅವನ ತಾತನ ಕಾಲದಲ್ಲಿ ಮೈಸೂರು ಸೀಮೆಯಿಂದ ಬಂದು ಆಲೂಗಡ್ಡೆ ಬೆಳೆದ ಮನೆತನ, ಈಗ ಉಳಿದಿರುವುದು ಒಂದು ತುಂಡು ಟೀ ತೋಟ. ಎಲೆ ಕೀಳುವವಳು ಅತ್ತೆ ನಂಜಮ್ಮ. ಅದನ್ನು ಮಂಜೂರಿನ ಟೀ ಫ್ಯಾಕ್ಟರಿಗೆ ಒಯ್ಯುವವನು ಏಜೆಂಟ್ ಸುಧಾಕರನ್.

ಕಿತ್ತ ಎಲೆ ಕಾಯುವುದಿಲ್ಲ. ಚೀಲದಲ್ಲಿ ಅದುಮಿಟ್ಟರೆ ಒಳಗೊಳಗೇ ಬಿಸಿಯೇರಿ ಕೆಂಪಾಗುತ್ತದೆ. ಸುಧಾಕರನ್ ಬರುವುದು ಅವನಿಗೆ ತೋಚಿದಾಗ. ದೊಡ್ಡ ತೋಟದವರ ಎಲೆ ತುಂಬಿಕೊಂಡು, ಜಾಗ ಮಿಕ್ಕಿದರೆ ಇವರ ಮನೆ ಮುಂದೆ ಜೀಪು ನಿಲ್ಲಿಸುತ್ತಿದ್ದ. ಚೀಲದೊಳಗೆ ಕೈ ಹಾಕಿ, ಎಲೆ ಬೆಂದಿದೆ ಎಂದು ಮುಖ ಸಿಂಡರಿಸಿ ಹೊರಟುಬಿಡುತ್ತಿದ್ದ. ಒಂದು ಸಂಜೆ ನಂಜಮ್ಮ ದಿನವಿಡೀ ಕಿತ್ತ ಎಲೆಯನ್ನು ಗಿಡದ ಬುಡಕ್ಕೇ ಸುರಿದಳು. ಅವಳ ಬೆರಳುಗಳು ಟೀ ಕರೆಯಿಂದ ಕಪ್ಪಾಗಿ ಒಡೆದಿದ್ದವು. ಸುಗನ್ಯಾಳಿಗೆ ತಡೆಯಲಾಗಲಿಲ್ಲ. ಮಾರನೆಯ ಸಲ ಜೀಪು ನಿಂತಾಗ, ಹೀಗೇ ಮಾಡಿದರೆ ಎಲೆಯನ್ನು ತಾನೇ ಫ್ಯಾಕ್ಟರಿಗೆ ಒಯ್ಯುತ್ತೇನೆ ಎಂದಳು.

ಸುಧಾಕರನ್ ಬೈಕನ್ನೂ ನೋಡಿದ, ಅವಳನ್ನೂ ನೋಡಿದ. "ತಗೊಂಡ್ ಹೋಗಮ್ಮ, ಯಾರು ಬೇಡ ಅಂದ್ರು? ಮೊದ್ಲು ಕಾಲು ನೆಲಕ್ಕೆ ಸಿಗುತ್ತಾ ನೋಡ್ಕೊ."

ಜೀಪಿನಲ್ಲಿದ್ದವರೆಲ್ಲ ನಕ್ಕರು.

ಆ ನಗು ಅವಳನ್ನು ಮಂಜೂರಿನ ಕಣ್ಣನ್‌ನ ವರ್ಕ್‌ಶಾಪಿಗೆ ಕಳಿಸಿತು. ಬೈಕನ್ನು ಪಕ್ಕದ ಮನೆಯವರು ಇಳಿಸಿಕೊಟ್ಟರು. ಕಣ್ಣನ್ ಕೆಲಸ ಬಲ್ಲವನು, ಆದರೆ ಅವನದು ಒಂದೇ ಹಾಡು: ಸ್ಕೂಟರ್ ತೆಗೆದುಕೊಳ್ಳಿ ಅಕ್ಕಾ. ಚೀಲ ಹೇರಿಕೊಂಡು ಆ ಏರು ಹತ್ತಲು ಮನೆಯಲ್ಲಿರುವ ಬೈಕೇ ಆಗಬೇಕು ಎಂದು ಅವಳು ಹಟ ಹಿಡಿದಳು. ಸರಿ ಎಂದು ಅವನು ಸೀಟಿನ ಎರಡೂ ಅಂಚಿನ ಸ್ಪಂಜು ಕೆತ್ತಿದ. ಕುಳ್ಳಗಿರುವವರಿಗೆ ಎಲ್ಲವೂ ಕೆಳಗಿರಬೇಕು ಎಂಬ ಲೆಕ್ಕದಲ್ಲಿ ಫುಟ್‌ರೆಸ್ಟನ್ನೂ ಇಳಿಸಿ ಬೆಸುಗೆ ಹಾಕಿದ. ಅಂಗಡಿಯ ಸಿಮೆಂಟು ನೆಲದ ಮೇಲೆ ಎಲ್ಲವೂ ಚೆನ್ನಾಗಿಯೇ ಕಂಡಿತು.

ಮನೆಗೆ ಹತ್ತುವಾಗ ಮೊದಲ ತಿರುವಿನಲ್ಲೇ ಇಳಿಸಿದ ಫುಟ್‌ರೆಸ್ಟ್ ರಸ್ತೆಗೆ ಕೆರೆದು ಕಿಡಿ ಹಾರಿತು. ಬೆಚ್ಚಿ ಕಾಲೂರಲು ಹೋದಳು. ಕಣಕಾಲು ಅದೇ ಕಂಬಿಗೆ ಬಡಿಯಿತು, ಬೈಕು ವಾಲಿ ಟೀ ಗಿಡಗಳ ಮೇಲೆ ಒರಗಿತು. ಅವಳಿಗೆ ತರಚು ಗಾಯ, ಅಷ್ಟೆ. ಆದರೆ ಬಾಗಿಲಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದ ನಂಜಮ್ಮ ಅವಳ ಚೂಡಿದಾರದ ಮಣ್ಣು ನೋಡಿ ಅಲ್ಲೇ ಕೂತುಬಿಟ್ಟಳು.

"ಬುಡವ್ವ ಇದ ಕತೆಯ. ಎಲೆ ಕೊಳುತ್ರೆ ಕೊಳೀಲಿ. ಈ ಮಗೀಗೆ ನೀನಿರ್ಬೇಕಲ್ಲ."

ಅದೇ ಮಾತನ್ನು ಸುಗನ್ಯಾ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೋ! ಗ್ಯಾಸಿನ ನಾಬನ್ನು ಎದ್ದೆದ್ದು ನೋಡುವವಳು, ಮಲಗಿದ ಮಗುವಿನ ಮೂಗಿಗೆ ಬೆರಳು ಹಿಡಿದು ಉಸಿರು ನೋಡುವವಳು ಅವಳು. ಆದರೆ ಪುಕ್ಕಲುತನಕ್ಕೂ ಒಂದು ಉಪಯೋಗವಿದೆ. ಬಿದ್ದದ್ದು ಹೇಗೆಂದು ಅವಳು ಯೋಚಿಸಿದ್ದೇ ಯೋಚಿಸಿದ್ದು. ನಿಂತ ಬೈಕಿನ ಮೇಲೆ ಕೂತು ಕಾಲು ಇಳಿಸುವುದು, ಎತ್ತುವುದು. ಕಾಲು ನೇರ ಕೆಳಗೆ ಹೋಗಬೇಕಾದ ಜಾಗದಲ್ಲಿ ಫುಟ್‌ರೆಸ್ಟ್ ಚಾಚಿಕೊಂಡಿತ್ತು. ಅದನ್ನು ಬಳಸಿಕೊಂಡು ಕಾಲು ಹೊರಕ್ಕೆ ಅಗಲಿಸಬೇಕು. ಅಗಲಿಸಿದಷ್ಟೂ ನೆಲ ದೂರ. ಅವಳ ಕಾಲಿನದ್ದೇನೂ ತಪ್ಪಿರಲಿಲ್ಲ.

ಮತ್ತೆ ಹೋದಾಗ ಕಣ್ಣನ್ ಇನ್ನೂ ಸ್ವಲ್ಪ ಇಳಿಸೋಣವೇ ಎಂದು ಕೇಳಿದ.

"ಇಳಿಸೋದಲ್ಲ, ಹಿಂದಕ್ಕೆ ತಳ್ಳಿ. ತುದೀನೂ ಕತ್ತರಿಸಿ," ಎಂದಳು ಸುಗನ್ಯಾ. "ನಂಗೆ ಕಾಲಿಡೋಕೆ ಜಾಗ ಬೇಡ ಕಣ್ಣನ್, ಕಾಲು ಇಳಿಸೋಕೆ ದಾರಿ ಬೇಕು."

ಹಿಂದಕ್ಕೆ ಹೋದರೆ ಗೇರ್ ಲಿವರ್ ಸಿಗುವುದಿಲ್ಲ, ಬ್ರೇಕೂ ಸಿಗುವುದಿಲ್ಲ, ಎಲ್ಲವನ್ನೂ ಬದಲಿಸಬೇಕಾಗುತ್ತದೆ ಎಂದು ಅವನು ಗೊಣಗಿದ. ಹಾಗಾದರೆ ಎಲ್ಲವನ್ನೂ ಬದಲಿಸಿ ಎಂದಳು. ಅವಳು ಅಲ್ಲಿಗೇ ಬಿಡಲಿಲ್ಲ. ಅಳತೆಯನ್ನು ಅಂಗಡಿಯ ನೆಲದ ಮೇಲೆ ತೆಗೆಯಕೂಡದು, ಆ ತಿರುವಿನಲ್ಲೇ ತೆಗೆಯಬೇಕು, ಚೀಲ ಹೇರಿಕೊಂಡೇ ತೆಗೆಯಬೇಕು ಎಂದಳು. ಅಂಗಡಿಯಲ್ಲಿದ್ದವರು ನಕ್ಕರೂ ಕಣ್ಣನ್ ನಗಲಿಲ್ಲ. ಸ್ಪ್ಯಾನರುಗಳನ್ನು ಡಬ್ಬಿಗೆ ತುಂಬಿಕೊಂಡ.

ಮನೆಯಿಂದ ನಂಜಮ್ಮ ಎಲೆ ತುಂಬಿದ ಚೀಲವನ್ನು ತಿರುವಿಗೆ ಹೊತ್ತು ತಂದಳು. ಸೊಸೆಯ ಮೇಲೆ ಸಿಟ್ಟಿತ್ತು, ಆದರೂ ಬಂದಳು. ಬೈಕು ಉರುಳೀತೆಂದು ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಅದನ್ನು ಕೈಯಲ್ಲಿ ಒತ್ತಿಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಸುಗನ್ಯಾ ಎಡಗಾಲು ಇಳಿಸಿದಳು. ಕಣ್ಣನ್ ರಸ್ತೆಯ ಮೇಲೆ ಅಡ್ಡ ಮಲಗಿ, ಕಾಲು ಹಾದುಹೋದ ಜಾಗಕ್ಕೆ ಬೈಕಿನ ಪಕ್ಕೆಯಲ್ಲಿ ಸೀಮೆಸುಣ್ಣದ ಗೀಟು ಎಳೆದ. ಹಾದುಹೋದವರೆಲ್ಲ ನಿಂತು ಒಂದೊಂದು ಬುದ್ಧಿ ಹೇಳಿ ಹೋದರು. ಇನ್ನೂ ಹಿಂದಕ್ಕೆ, ಎಂದಳು ಸುಗನ್ಯಾ. ಇನ್ನೂ.

ವಾರ ಕಳೆದು ಬೈಕು ಮನೆಗೆ ಬಂತು. ಮೋಟಾದ ಫುಟ್‌ರೆಸ್ಟ್ ಹಿಂದಕ್ಕೆ ಸರಿದಿತ್ತು, ಗೇರ್ ಲಿವರಿಗೂ ಬ್ರೇಕಿಗೂ ಹೊಸ ಕಂಬಿ ಬಂದಿತ್ತು. ನೋಡಲು ಚೆಂದವಿರಲಿಲ್ಲ. ಸುಗನ್ಯಾ ದಿನವೂ ಬರೀ ಬೈಕು ಇಳಿಸಿ, ಹತ್ತಿಸಿ, ಹೊಸ ಜಾಗಕ್ಕೆ ಕಾಲು ಪಳಗಿಸಿಕೊಂಡಳು. ಆಮೇಲೆ ಒಂದು ಮಧ್ಯಾಹ್ನ, ಆಗತಾನೆ ಕಿತ್ತ ಎಲೆಯ ಚೀಲ ಬಿಗಿದು ಹೊರಟಳು. ನಂಜಮ್ಮ ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಆ ಕಲ್ಲನ್ನೇ ಹಿಡಿದು, ತಿರುವಿನವರೆಗೂ ಬರುತ್ತೇನೆಂದಳು.

"ಕಲ್ಲು ಅಲ್ಲೇ ಹಾಕಿ ಅತ್ತೆ," ಎಂದಳು ಸುಗನ್ಯಾ.

ಸಿಲ್ವರ್ ಮರಗಳ ಸಾಲು ಮುಗಿಯಿತು. ಬಸ್ಸು ಬಂದೇ ಬಂತು.

ಹಾರ್ನು ಕೇಳಿದ ಕೂಡಲೇ ಗೇರು ಇಳಿಸಿ, ಬಲಗಾಲಿನಲ್ಲಿ ಬ್ರೇಕು ಒತ್ತಿ, ಚರಂಡಿಯ ಕಡೆಗೆ ನಿಂತಳು. ಎಡಗಾಲು ಎಲ್ಲಿಯೂ ತಾಗದೆ ನೇರ ಕೆಳಗಿಳಿಯಿತು. ಚಪ್ಪಲಿಯ ಮುಂಭಾಗ ರಸ್ತೆಯನ್ನು ಕಚ್ಚಿ ಹಿಡಿಯಿತು. ಹಿಂದಿನ ಚೀಲ ಅತ್ತ ಇತ್ತ ತೂಗಿ ಸುಮ್ಮನಾಯಿತು. ಬಸ್ಸು ಅವಳ ಮೊಣಕೈಗೆ ಗಾಳಿ ಬೀಸಿ ಹತ್ತಿಹೋಯಿತು. ಕಾಲು ನೆಲ ಬಿಡಲಿಲ್ಲ.

ಫ್ಯಾಕ್ಟರಿಯಲ್ಲಿ ಎಲೆ ನೋಡುವವನು ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ತಣ್ಣಗಿದೆ ಎಂದು ತಕ್ಕಡಿಯ ಕಡೆ ಕೈ ತೋರಿಸಿದ.

ಫ್ಯಾಕ್ಟರಿಯ ಅಂಗಳದಲ್ಲಿ ಬೈಕಿಗೆ ಒರಗಿ ಫೋನು ಕೈಗೆತ್ತಿಕೊಂಡಳು. ಎಷ್ಟೋ ದಿನದಿಂದ ಆ ಹೆಸರಿನ ಮೇಲೆ ಬೆರಳಿಟ್ಟು ತೆಗೆಯುತ್ತಿದ್ದಳು. ಒಮ್ಮೆ ಬೇಡವೆಂದ ಮನೆಯ ಮುಂದೆ ಸುಧಾಕರನ್ ಮತ್ತೆ ಜೀಪು ನಿಲ್ಲಿಸುವವನಲ್ಲ. ಮಳೆಗಾಲದಲ್ಲಿ ರಸ್ತೆ ಜಾರಿದರೆ? ಮಗುವಿಗೆ ಜ್ವರ ಬಂದರೆ? ಬರಲಿ, ನೋಡಿಕೊಳ್ಳೋಣ ಎಂದುಕೊಂಡು ಒತ್ತಿದಳು. ಅತ್ತಲಿಂದ ಜೀಪಿನ ಸದ್ದು ಕೇಳಿತು, ಅದರೊಳಗಿನ ನಗುವೂ.

"ಸುಧಾಕರಣ್ಣ, ನಾನು ನಂಜಮ್ಮನ ಸೊಸೆ. ಫ್ಯಾಕ್ಟರಿಯಿಂದ ಮಾತಾಡ್ತಿದೀನಿ. ನಾಳೆಯಿಂದ ನಮ್ಮನೆ ಮುಂದೆ ಜೀಪು ನಿಲ್ಸೋದು ಬೇಡ," ಎಂದಳು. "ಕಾಲು ನೆಲಕ್ಕೆ ಸಿಕ್ತು."