ಇಂಗ್ಲೆಂಡಿನ ಅಪಸ್ವರ, ಆರ್.ಟಿ. ನಗರದ ಅಪಸ್ವರ

ನನಗೊಂದು ಚಟವಿದೆ. ಇಸ್ಪೀಟು, ನಶ್ಯದಂಥ ಮರ್ಯಾದಸ್ಥ ಚಟವಲ್ಲ. ಹೇಳಿಕೊಂಡರೆ ಜನ ನಗುತ್ತಾರೆ. ಅರವತ್ತರ ದಶಕದಲ್ಲಿ ಪಾಪ್ ತಂಡಗಳು ಬ್ರಿಟಿಷ್ ರೇಡಿಯೋ ಸ್ಟುಡಿಯೋಗೆ ಬಂದು ನೇರವಾಗಿ ಹಾಡಿದ ಕಾರ್ಯಕ್ರಮಗಳನ್ನು ಹುಡುಕಿ ಹುಡುಕಿ ಕೇಳುತ್ತೇನೆ. ಆಗ ನಾನಿನ್ನೂ ಹುಟ್ಟಿರಲಿಲ್ಲ, ಇಂಗ್ಲೆಂಡನ್ನು ಇವತ್ತಿಗೂ ನೋಡಿಲ್ಲ, ಆ ಹಾಡುಗಳ ಅರ್ಧ ಮಾತು ನನಗೆ ತಿಳಿಯುವುದಿಲ್ಲ. ಚಟಕ್ಕೆ ಇವೆಲ್ಲ ಅಡ್ಡಿಯೇ?

ಆ ಕಾಲದಲ್ಲಿ ಅಲ್ಲಿನ ರೇಡಿಯೋ ದಿನವಿಡೀ ರೆಕಾರ್ಡು ಹಾಕುವಂತಿರಲಿಲ್ಲ. ತಟ್ಟೆಯೇ ಹಾಡಿಬಿಟ್ಟರೆ ನಮ್ಮ ಹೊಟ್ಟೆಪಾಡೇನು ಎಂದು ವಾದ್ಯಗಾರರು ಪಟ್ಟು ಹಿಡಿದು, ಅದಕ್ಕೊಂದು ಮಿತಿ ಹಾಕಿಸಿದ್ದರು. ಹಾಗಾಗಿ ಹಾಡುಗಾರರೇ ಗಿಟಾರು ಹೊತ್ತು ಬಂದು ಹಾಡಿ ಹೋಗಬೇಕಿತ್ತು. ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬ ತಾಳ ತಪ್ಪುತ್ತಾನೆ, ಮತ್ತೊಬ್ಬ ಮೇಲಿನ ಸ್ವರಕ್ಕೆ ಹಾರಿ ಅರ್ಧದಲ್ಲೇ ಜಾರುತ್ತಾನೆ. ಎಷ್ಟೋ ಟೇಪುಗಳು ಅಳಿಸಿಹೋದರೂ ಯಾರೋ ಪುಣ್ಯಾತ್ಮರು ಮನೆಯ ರೇಡಿಯೋಗೆ ಮೈಕು ಹಿಡಿದು ಉಳಿಸಿಕೊಂಡದ್ದು ಈಗ ನನ್ನ ಫೋನಿನಲ್ಲಿ ಸಿಗುತ್ತದೆ.

ದಸರೆಗೆ ಒಂದು ವಾರವಿತ್ತು. ಯಲಹಂಕದಿಂದ ಆರ್.ಟಿ. ನಗರದ ಮನೆಗೆ ಬರುವಾಗ ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಮ್ಮ ಕಾರು ನಿಂತಿತು. ಅಲ್ಲಿ ಕಾರು ನಿಲ್ಲುವುದು ಸುದ್ದಿಯಲ್ಲ, ಓಡಿದರೆ ಸುದ್ದಿ. ಪಕ್ಕದಲ್ಲಿ ಹೆಂಡತಿ ಶಾರದೆ. ಎಂದಿನಂತೆ ನನ್ನ ಹಳೇ ಕಾರ್ಯಕ್ರಮ ಕೇಳಿಬರುತ್ತಿತ್ತು. ಹಾಡುಗಾರ ಲಕ್ಷಣವಾಗಿ ಒಂದು ಕಡೆ ಜಾರಿದ. ನಾನು ಸ್ಟೀರಿಂಗ್ ತಟ್ಟಿ, “ಕೇಳಿದ್ಯಾ? ಇದು ಕಣೇ ಜೀವ ಇರೋ ಸಂಗೀತ! ತಪ್ಪು ಮಾಡೋಕೂ ಧೈರ್ಯ ಬೇಕು” ಎಂದೆ.

ಅವಳು ಕಿಟಕಿಯಾಚೆ ಕೆರೆ ನೋಡುತ್ತಲೇ ಕೇಳಿದಳು: “ಹಂಗಾದ್ರೆ ಸುಶೀಲಮ್ಮನ ಮನೇಲಿ ನಾನ್ ಹಾಡ್ತಿದ್ದಾಗ ‘ಶ್ರುತಿ ಹೋಯ್ತು’ ಅಂತ ಎಲ್ರ ಮುಂದೆ ಯಾಕ್ರೀ ಕೂಗಿದ್ರಿ?”

ಸುಶೀಲಮ್ಮ ನಮ್ಮ ಎದುರುಮನೆಯವರು. ದಸರೆಗೆ ಗೊಂಬೆ ಕೂರಿಸುತ್ತಾರೆ. ಬಂದ ಹೆಂಗಸರು ಒಂದು ಹಾಡು ಹೇಳದೆ ಕುಂಕುಮ ತೆಗೆದುಕೊಂಡು ಹೊರಡುವಂತಿಲ್ಲ. ಗಂಡಸರು ಹಜಾರದ ಮೂಲೆಯಲ್ಲಿ ಉಸಲಿಗಾಗಿ ಕಾಯುತ್ತಾರೆ. ಆರು ವರ್ಷಗಳಿಂದ ಶಾರದೆ ಅಲ್ಲಿ “ಗಂಟಲು ಸರಿಯಿಲ್ಲ” ಎನ್ನುತ್ತಿದ್ದಳು. ನಾನೂ ಪ್ರತಿ ದಸರೆಗೆ ಮೆಣಸಿನ ಕಷಾಯ ಕುದಿಸಿ ಕೊಟ್ಟು, ನನ್ನಂಥ ಗಂಡ ಇನ್ನೊಬ್ಬನಿಲ್ಲ ಎಂದು ಬೀಗುತ್ತಿದ್ದೆ. ಅವಳ ಗಂಟಲಿಗೆ ಬಂದಿದ್ದ ರೋಗ ನಾನೇ ಎಂದು ಸೇತುವೆಯ ಮೇಲೆ ತಿಳಿಯಿತು. ಇಳಿದು ಓಡೋಣವೆಂದರೆ ಹಿಂದೆ ಮುಂದೆ ಗಾಡಿಗಳು. ನಿಜಕ್ಕೂ ನಾಚಿಕೆಯಾಯಿತು. ಗುರುತು ಪರಿಚಯವಿಲ್ಲದವನು ಅರವತ್ತು ವರ್ಷದ ಹಿಂದೆ ಮಾಡಿದ ತಪ್ಪಿಗೆ ತಲೆದೂಗುವ ನಾನು, ಒಂದೇ ಒಂದು ಅಪಸ್ವರಕ್ಕೆ ಪಕ್ಕದ ಸೀಟಿನವಳ ಹಾಡನ್ನೇ ನಿಲ್ಲಿಸಿದ್ದೆ. “ತಪ್ಪಾಯ್ತು ಕಣೇ” ಎಂದೆ.

ದಸರೆ ಬಂತು. ಗೊಂಬೆಗಳ ಮುಂದೆ ಸುಶೀಲಮ್ಮ, “ಶಾರದಾ, ಈ ಸಲನಾದ್ರೂ ಒಂದ್ ಹಾಡು ಹೇಳಮ್ಮ” ಎಂದರು. ಅವಳು ಮೂಲೆಯಲ್ಲಿದ್ದ ನನ್ನನ್ನು ನೋಡಿದಳು. ನಾನು ತಕ್ಷಣ ಕಡಲೆಕಾಳು ಉಸಲಿಯನ್ನು ಬಾಯಿ ತುಂಬ ತುರುಕಿಕೊಂಡೆ. ಇನ್ನು ಕೂಗುವುದಿಲ್ಲವೆಂದು ನಾನು ಬರೆದುಕೊಟ್ಟ ಮುಚ್ಚಳಿಕೆ ಅದು. ಅವಳು ಹಾಡಿದಳು. ಎರಡನೆಯ ಚರಣದಲ್ಲಿ ಶ್ರುತಿ ಕೊಂಚ ಕೆಳಗಿಳಿಯಿತು. ನನ್ನ ನಾಲಿಗೆ ತುರಿಸಿತು. ಇನ್ನಷ್ಟು ಉಸಲಿ ಹಾಕಿಕೊಂಡೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಕೇಳಿದಳು: “ನಿಜ ಹೇಳಿ, ಎರಡನೇ ಚರಣದಲ್ಲಿ ಶ್ರುತಿ ಬಿಟ್ಟೆ ಅಲ್ವಾ?”

ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತೇನೆ, ನಿಜ ಹೇಳಿದರೆ ಅವಳು ಮತ್ತೆ ಹಾಡಲು ಬಾಯಿ ತೆರೆಯುವುದಿಲ್ಲ.

“ಬಿಟ್ಟೆ” ಎಂದೆ. ಅವಳ ಮುಖ ಚಿಕ್ಕದಾಗುವ ಮೊದಲೇ ಸೇರಿಸಿದೆ: “ಇನ್ನೊಂದ್ಸಲ ಹಾಡು. ಮತ್ತೆ ಬಿಡ್ತೀಯಾ ನೋಡೋಣ.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನೇ ದುರುಗುಟ್ಟಿ ನೋಡುತ್ತ ಹಾಡಿದಳು. ಸರಿಯಾಗಿ ಅದೇ ಜಾಗದಲ್ಲಿ ಬಿಟ್ಟಳು.

ಬೀದಿಗೆಲ್ಲ ಕೇಳುವಂತೆ ನಾನು “ಒನ್ಸ್ ಮೋರ್!” ಎಂದು ಕೂಗಿದೆ.